ಮಳೆ ಚಲಿಸಿತು, ಸಾಫ್ಟ್‌ವೇರ್ ನಿಂತಿತು: ಶಿರಸಿಯಿಂದ ಒಂದು ಪ್ರಕರಣ ಅಧ್ಯಯನ

ಈ ಅಧ್ಯಯನದ ಕೇಂದ್ರದಲ್ಲಿರುವ ಸಂಸ್ಥೆ ಚಿಕ್ಕದು. ಬೆಂಗಳೂರಿನ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದು, ಕೋವಿಡ್ ಕಾಲದಲ್ಲಿ ಊರಿಗೆ ಮರಳಿ, ಮನೆಯಿಂದ ಕೆಲಸ ಮಾಡುತ್ತ ಮಾಡುತ್ತ ಇಲ್ಲಿಯೇ ಉಳಿಯುವುದೆಂದು ನಿಶ್ಚಯಿಸಿದ ಕೆಲವು ಗೆಳೆಯರು ಸೇರಿ ಅದನ್ನು ಶಿರಸಿಯಲ್ಲಿ ಕಟ್ಟಿದರು. ಅವರು ತಯಾರಿಸಿರುವುದು ಕ್ಲೌಡ್ ಆಧಾರಿತ, ಅಂದರೆ ಇಂಟರ್ನೆಟ್ಟಿನ ಮೂಲಕ ದೂರದ ಕಂಪ್ಯೂಟರುಗಳಲ್ಲಿ ನಡೆಯುವ, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್. ಒಂದು ವಸ್ತುವನ್ನು ತಯಾರಿಸಿ ಮಾರುವವರಿಗೆ ಗ್ರಾಹಕರಿಂದ ಬರುವ ದೂರು, ಬೇಡಿಕೆ, ಸಲಹೆಗಳನ್ನೆಲ್ಲ ಒಂದೆಡೆ ಸೇರಿಸುವುದು, ಅವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಮುಂದಿನ ಮಾದರಿಗೆ ಬಿಡಬೇಕು, ಯಾವುದನ್ನು ಮಾಡಲೇಬಾರದು ಎಂದು ನಿರ್ಧರಿಸಲು ನೆರವಾಗುವುದು, ಆ ನಿರ್ಧಾರ ಸಂಬಂಧಪಟ್ಟ ಎಲ್ಲರಿಗೂ ಒಂದೇ ರೂಪದಲ್ಲಿ ಕಾಣುವಂತೆ ಮಾಡುವುದು ಅದರ ಕೆಲಸ. ಇಂಥ ಸಾಫ್ಟ್‌ವೇರ್‌ಗಳು ಹಲವಿವೆಯಾದರೂ ಅವುಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಬರೆಯುವವರಿಗಾಗಿಯೇ ಹುಟ್ಟಿದವು. ಶಿರಸಿಯವರು ನೋಡಿದ್ದು ಬೇರೆ ಕಡೆಗೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಉತ್ತರ ಕನ್ನಡದ ಸಣ್ಣ ಸಣ್ಣ ಊರುಗಳಲ್ಲಿ ಪಂಪು, ಕೃಷಿ ಯಂತ್ರ, ಉಪ್ಪಿನಕಾಯಿ, ಕೋಕಂ ಪಾನಕ ತಯಾರಿಸುವವರು ಅವರ ಗ್ರಾಹಕರಾಗಬೇಕಿತ್ತು.

ಇಂಥವರಿಗೆ ಈ ಸಾಫ್ಟ್‌ವೇರನ್ನು ಪರಿಚಯಿಸಲು ಸಂಸ್ಥೆ ಚಲಿಸುವ ಛಾಯಾಚಿತ್ರಗಳನ್ನು ಬಳಸಿತು. ಎರಡನೆಯ ಚಿತ್ರದ ಹಂತದಿಂದ ನಾನು ಆ ಕೆಲಸದಲ್ಲಿ ಜೊತೆಗಿದ್ದೆ. ಏನು ಮಾಡಲಾಯಿತು, ಏಕೆ ಹಾಗೆ ಮಾಡಲಾಯಿತು, ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ಕಾಣದ ವಸ್ತುವಿನ ಚಿತ್ರ

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರಿನ ಪ್ರಚಾರದಲ್ಲಿ ಮೊದಲ ತೊಡಕು ಎಂದರೆ ಅದರಲ್ಲಿ ಛಾಯಾಚಿತ್ರಕ್ಕೆ ಸಿಗುವಂಥದ್ದು ಏನೂ ಇಲ್ಲ. ಪರದೆಯ ಚಿತ್ರ ತೆಗೆದು ಹಾಕಿದರೆ ಒಂದು ಸಾಫ್ಟ್‌ವೇರಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು; ಎಲ್ಲದರಲ್ಲಿಯೂ ಎಡಗಡೆ ಒಂದು ಪಟ್ಟಿ, ನಡುವೆ ಕೆಲವು ಉದ್ದಸಾಲು, ಅವುಗಳಲ್ಲಿ ಬಣ್ಣಬಣ್ಣದ ಕಾರ್ಡುಗಳು. ಪೂರ್ತಿ ವೀಡಿಯೊ ಮಾಡಿದರೆ ವಿಷಯವನ್ನು ಬಿಡಿಸಿ ಹೇಳಬಹುದು, ಆದರೆ ಲೇತಿನ ಮುಂದೆ ನಿಂತಿರುವ ಕಾರ್ಖಾನೆ ಮಾಲೀಕರು ತಾವು ಕೇಳದ ವಿಷಯಕ್ಕಾಗಿ ಎರಡು ನಿಮಿಷ ಫೋನು ಹಿಡಿದು ನಿಲ್ಲುವುದಿಲ್ಲ. ಇವೆರಡರ ನಡುವೆ ಇರುವುದು ಚಲಿಸುವ ಛಾಯಾಚಿತ್ರ. ಇಡೀ ಚಿತ್ರ ಸ್ಥಿರವಾಗಿದ್ದು, ಅದರ ಒಂದು ಭಾಗ ಮಾತ್ರ ಕೆಲವೇ ಸೆಕೆಂಡುಗಳ ಆವರ್ತದಲ್ಲಿ ಚಲಿಸುತ್ತಿರುತ್ತದೆ. ಇದಕ್ಕೆ ಸಿನಿಮಾಗ್ರಾಫ್ ಎಂಬ ಹೆಸರು ಬಂದದ್ದು 2011ರಲ್ಲಿ, ನ್ಯೂಯಾರ್ಕಿನ ಕೆವಿನ್ ಬರ್ಗ್ ಮತ್ತು ಜೇಮೀ ಬೆಕ್ ಎಂಬ ಇಬ್ಬರು ಫ್ಯಾಷನ್ ಚಿತ್ರಗಳಲ್ಲಿ ಈ ರೀತಿಯನ್ನು ಬಳಸಿದಾಗ. ಅದನ್ನು ಹೊತ್ತು ತಂದ, ಜಿಫ್ ಎಂಬ ಬಗೆಯ ಚಿತ್ರದ ಕಡತವಾದರೋ ಇನ್ನೂ ಹಳೆಯದು. 1987ರಲ್ಲಿ ಕಂಪ್ಯುಸರ್ವ್ ಕಂಪನಿ ಅದನ್ನು ರೂಪಿಸಿತು. 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಅದನ್ನು ಮತ್ತೆ ಮತ್ತೆ ಆಡಿಸುವ ಸೌಲಭ್ಯ ಕೊಟ್ಟ ಮೇಲೆ ಅದು ಮನೆಮಾತಾಯಿತು.

ಮೊದಲ ಚಿತ್ರ

ನಾನು ಸೇರುವ ಮೊದಲೇ ಸಂಸ್ಥೆಯವರು ಒಂದು ಚಿತ್ರ ಮಾಡಿಸಿ ಬಳಸುತ್ತಿದ್ದರು. ಹಂಚಿನ ಮಾಡಿನ ಹಳೆಯ ಮನೆಯ ಜಗಲಿ, ಮರದ ಕಂಬ, ಕಂಬದ ಪಕ್ಕ ಒಂದು ಮೇಜು, ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪು. ಅದರ ಹಿಂದೆ ಅಂಗಳದ ಉದ್ದಕ್ಕೂ ಶ್ರಾವಣದ ಮಳೆ ಸುರಿಯುತ್ತಿರುತ್ತದೆ. ಮಳೆಯೊಂದನ್ನು ಬಿಟ್ಟು ಮತ್ತೆಲ್ಲವೂ ನಿಶ್ಚಲ. ಕುಶಲಿಗಳು ಮಾಡಿದ ಕೆಲಸ ಅದು. ಹನಿಗಳ ಆವರ್ತ ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಗುತ್ತದೆ ಎಂಬುದು ಎಷ್ಟು ನೋಡಿದರೂ ತಿಳಿಯದು. ಅದರ ಕೆಳಗೆ ‘ನಿಮ್ಮ ಉತ್ಪನ್ನದ ಮುಂದಿನ ಹೆಜ್ಜೆ, ಎಲ್ಲಿಂದಲಾದರೂ’ ಎಂಬ ಒಂದು ಸಾಲು.

ಚಿತ್ರವನ್ನು ಜನ ಮೆಚ್ಚಿದರು, ಹಂಚಿಕೊಂಡರು. ಬಂದ ವಿಚಾರಣೆಗಳಲ್ಲಿ ಮಾತ್ರ ಹೆಚ್ಚಿನವು ಆ ಮನೆ ಎಲ್ಲಿದೆ, ಅದು ಹೋಂಸ್ಟೇಯೇ, ಮಳೆಗಾಲದಲ್ಲಿ ಅಲ್ಲಿ ಉಳಿಯಲು ಅವಕಾಶವಿದೆಯೇ ಎಂಬಂಥವು. ಸಂಸ್ಥೆಯವರ ಹತ್ತಿರದವರೇ ಆದ ಒಬ್ಬ ಹಿರಿಯ ಅಡಿಕೆ ಬೆಳೆಗಾರರು ಚಿತ್ರವನ್ನು ಎರಡು ಸಲ ನೋಡಿ ಹೇಳಿದ ಮಾತು ಇಡೀ ಸಮಸ್ಯೆಯನ್ನು ಬಿಡಿಸಿಟ್ಟಿತ್ತು: “ಮಳೆ ಚೊಲೋ ಇದ್ದು, ಸಾಫ್ಟ್‌ವೇರ್ ಎಲ್ಲಿದ್ದು?”

ಇದನ್ನು ಚಿತ್ರದ ಸೊಗಸಿನ ಪ್ರಶ್ನೆ ಎಂದು ತಿಳಿದರೆ ದಾರಿ ತಪ್ಪುತ್ತದೆ. ನಮ್ಮ ಕಣ್ಣಿನ ಅಂಚಿನ ನೋಟಕ್ಕೆ ವಿವರಗಳು ಅಷ್ಟಾಗಿ ತಿಳಿಯದಿದ್ದರೂ ಚಲನೆ ಬೇಗ ತಿಳಿಯುತ್ತದೆ, ತಿಳಿದ ತಕ್ಷಣ ದೃಷ್ಟಿ ಅತ್ತ ಹೊರಳುತ್ತದೆ. ಎಲ್ಲವೂ ನಿಂತಿರುವ ಚೌಕಟ್ಟಿನಲ್ಲಿ ಒಂದು ಮಾತ್ರ ಚಲಿಸಿದರೆ ಆ ಚಲಿಸುವುದೇ ಚಿತ್ರದ ವಿಷಯವಾಗಿಬಿಡುತ್ತದೆ. ಬರೆದ ಸಾಲು ಬೇರೇನನ್ನು ಹೇಳಿದರೂ ಕಣ್ಣು ಅದನ್ನು ಒಪ್ಪುವುದಿಲ್ಲ. ಸಾಧಾರಣ ಛಾಯಾಚಿತ್ರದಲ್ಲಿ ಹಿನ್ನೆಲೆ ಹಿನ್ನೆಲೆಯಾಗಿಯೇ ಉಳಿಯುತ್ತದೆ. ಇಲ್ಲಿ ಹಿನ್ನೆಲೆಗೆ ಜೀವ ಕೊಟ್ಟು, ಮಾರಬೇಕಾದ ವಸ್ತುವನ್ನು ಮಂಕಾದ ಒಂದು ಪರದೆಯಾಗಿ ನಿಲ್ಲಿಸಿದಂತಾಗಿತ್ತು. ಚಲಿಸುವ ಛಾಯಾಚಿತ್ರದ ಮಟ್ಟಿಗೆ ಚಲನೆಯೇ ಹೇಳಿಕೆ, ಸ್ಥಿರವಾದದ್ದು ಆ ಹೇಳಿಕೆಯ ಸಂದರ್ಭ. ಆದ್ದರಿಂದ ಯಾವ ಜಾಗದಲ್ಲಿ ಚಿತ್ರೀಕರಿಸಬೇಕು ಎಂಬುದಕ್ಕಿಂತ ಮೊದಲು, ಈ ಸಾಫ್ಟ್‌ವೇರ್ ನಿಜವಾಗಿ ಯಾವುದನ್ನು ಚಲಿಸುವಂತೆ ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಿತ್ತು.

ಅಡಿಕೆ ಸುಲಿಯುವ ಯಂತ್ರದ ಕಾರ್ಖಾನೆ

ಉತ್ತರ ಸಿಕ್ಕಿದ್ದು ಸಂಸ್ಥೆಯ ಮೊದಲ ಗ್ರಾಹಕರಲ್ಲಿ ಒಬ್ಬರ ಕಾರ್ಖಾನೆಯಲ್ಲಿ. ಶಿರಸಿಯ ಹೊರವಲಯದಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಒಂದು ಶೆಡ್ಡು ಅದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಶಿರಸಿ ಸುಪಾರಿಯ ಈ ಸೀಮೆಯಲ್ಲಿ ಕೊನೆಕೊಯ್ಲಿನ ದಿನಗಳು ಎಂಥವು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಚಾಲಿ ಎಂಬ ಒಣ ಅಡಿಕೆಗೆಂದು ಹಣ್ಣಡಿಕೆಯನ್ನು ಒಂದೂವರೆ ತಿಂಗಳಷ್ಟು ಒಣಗಿಸಿ ನಿಧಾನವಾಗಿ ಸುಲಿಯಬಹುದು. ರಾಶಿ ಎಂಬ ಬಗೆಯ ಅಡಿಕೆಗಾದರೆ ಹಸಿ ಕಾಯಿ ಇಳಿಸಿದ ಬೆನ್ನಿಗೇ ಸುಲಿದು ಬೇಯಿಸಬೇಕು. ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಸುಲಿಯುವ ಆಳುಗಳು ಸಿಗುವುದು ಕಡಿಮೆಯಾದ ಹಾಗೆ ಯಂತ್ರಗಳು ಮನೆಮನೆಗೆ ಬಂದವು. ಯಂತ್ರ ಬಂದದ್ದರ ಜೊತೆಗೆ ದೂರುಗಳೂ ಬಂದವು.

ಸಣ್ಣ ಗಾತ್ರದ ಕಾಯಿ ಸುಲಿಯದೆ ಹಾಗೇ ಜಾರಿ ಬೀಳುತ್ತದೆ, ಇಲ್ಲವೇ ಬ್ಲೇಡಿಗೆ ಸಿಕ್ಕು ಹೋಳಾಗುತ್ತದೆ. ರಾಶಿಗೆಂದು ಸುಲಿದದ್ದು ಹೋಳಾದರೆ ದರ ಇಳಿಯುತ್ತದೆ. ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜು ಬಿದ್ದಾಗ ಮೋಟರು ಎಳೆಯುವುದಿಲ್ಲ. ಸಿಪ್ಪೆ ಹೊರಹೋಗುವ ಬಾಯಿ ಕಟ್ಟಿಕೊಳ್ಳುತ್ತದೆ. ಘಟ್ಟದ ಕೆಳಗೆ, ಹೊನ್ನಾವರ ಕುಮಟಾ ಕಡೆಯ ತೋಟಗಳಿಗೆ ಹೋದರೆ ಉಪ್ಪು ಗಾಳಿಗೆ ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ ಎಂಬ ಮತ್ತೊಂದು ದೂರು. ಇವೆಲ್ಲ ಬರುತ್ತಿದ್ದುದು ಫೋನಿನಲ್ಲಿ, ವಾಟ್ಸ್‌ಆ್ಯಪಿನ ಧ್ವನಿ ಸಂದೇಶಗಳಲ್ಲಿ, ಶಿರಸಿ ಪೇಟೆಗೆ ಬಂದವರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿಹೋಗುವ ಮಾತುಗಳಲ್ಲಿ. ಕಚೇರಿಯಲ್ಲಿ ಫೋನು ತೆಗೆದುಕೊಳ್ಳುವವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಘಟ್ಟದ ಕೆಳಗಿನ ಮಾರಾಟ ನೋಡಿಕೊಳ್ಳುವವರ ಹತ್ತಿರ ಇನ್ನೊಂದು ನೋಟ್‌ಬುಕ್ಕಿತ್ತು. ಯಂತ್ರ ಜೋಡಿಸುವ ಮೇಸ್ತ್ರಿಗೆ ಇವೆರಡೂ ಕಾಣುತ್ತಿರಲಿಲ್ಲ. ಹೀಗಾಗಿ ಮುಂದಿನ ವರ್ಷದ ಮಾದರಿಯಲ್ಲಿ ಏನು ಬದಲಾಗಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಯಾರ ದೂರಿನ ದನಿ ದೊಡ್ಡದಾಗಿತ್ತೋ ಅವರು. ರೋಲರ್ ಮತ್ತು ಬ್ಲೇಡಿನ ನಡುವಿನ ಅಂತರವನ್ನು ರೈತರೇ ಹೊಂದಿಸಿಕೊಳ್ಳುವಂತೆ ಮಾಡಿದರೆ ಬಹಳ ಮಂದಿಗೆ ಉಪಕಾರವಾಗುತ್ತಿತ್ತು; ಅದು ಹಲವು ಪುಟಗಳಲ್ಲಿ ಹಂಚಿಹೋಗಿದ್ದರಿಂದ ಅಷ್ಟು ಮಂದಿಯ ಬೇಡಿಕೆ ಎಂದು ಯಾರಿಗೂ ಕಾಣಲಿಲ್ಲ.

ಸಾಫ್ಟ್‌ವೇರ್ ಬಂದ ಮೇಲೆ ಬದಲಾದದ್ದು ಇದು. ಪ್ರತಿ ದೂರೂ ಒಂದು ಕಾರ್ಡಾಗುತ್ತದೆ. ಯಾವ ಮಾದರಿಯ ಯಂತ್ರ, ಯಾವ ಊರು, ಯಾವ ಬಗೆಯ ಅಡಿಕೆ ಎಂಬ ವಿವರ ಅದಕ್ಕೆ ಅಂಟಿಕೊಂಡಿರುತ್ತದೆ. ಒಂದೇ ಬಗೆಯ ದೂರುಗಳು ಒಟ್ಟುಗೂಡುತ್ತವೆ, ಒಟ್ಟುಗೂಡಿದಾಗ ಅವುಗಳ ತೂಕ ತಿಳಿಯುತ್ತದೆ, ಆಮೇಲೆ ಮಾಲೀಕರು ಅದನ್ನು ‘ಬಂದ ದೂರು’ ಎಂಬ ಸಾಲಿನಿಂದ ‘ಮುಂದಿನ ಮಾದರಿ’ ಎಂಬ ಸಾಲಿಗೆ ಸರಿಸುತ್ತಾರೆ. ಅವರು ಕಚೇರಿಯಲ್ಲಿ ಸರಿಸಿದ್ದು ಶೆಡ್ಡಿನಲ್ಲಿರುವ ಮೇಸ್ತ್ರಿಯ ಟ್ಯಾಬ್ಲೆಟ್ಟಿನಲ್ಲಿಯೂ, ಹೊನ್ನಾವರದಲ್ಲಿರುವವರ ಫೋನಿನಲ್ಲಿಯೂ ಹಾಗೆಯೇ ಸರಿಯುತ್ತದೆ. ಕ್ಲೌಡ್ ಎಂದರೆ ಇಲ್ಲಿ ಅಷ್ಟೇ. ಈ ಸಂಸ್ಥೆ ಬಳಸುವುದು ಅಮೆಜಾನ್ ಕಂಪನಿ 2016ರಲ್ಲಿ ಮುಂಬಯಿಯಲ್ಲಿ ತೆರೆದ ದತ್ತಾಂಶ ಕೇಂದ್ರಗಳನ್ನು. ಕಚೇರಿಯಿಂದ ಶೆಡ್ಡಿಗೆ ಹತ್ತು ಹೆಜ್ಜೆ; ಕಾರ್ಡು ಮಾತ್ರ ಮುಂಬಯಿಗೆ ಹೋಗಿ ಬರುತ್ತದೆ. ಆ ಪಯಣವನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು, ಹಿಡಿಯಬೇಕಾಗಿಯೂ ಇಲ್ಲ. ಒಂದು ಕಡೆ ಸರಿದದ್ದು ಇನ್ನೊಂದು ಕಡೆ ಸರಿಯುವುದನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಿದರೆ ಸಾಕು.

ಹಾಗೆಂದು ನಿರ್ಧರಿಸಿದ ಮೇಲೆ ಚಿತ್ರ ತಾನಾಗಿಯೇ ರೂಪುಗೊಂಡಿತು. ಮುಂದೆ ಶೆಡ್ಡಿನ ಕೆಲಸದ ಮೇಜು, ಅದರ ಮೇಲೆ ಬಿಚ್ಚಿಟ್ಟ ರೋಲರು, ಪಾನಾಗಳು, ಸ್ಟ್ಯಾಂಡಿಗೆ ಒರಗಿಸಿದ ಟ್ಯಾಬ್ಲೆಟ್ಟು, ಪಕ್ಕದಲ್ಲಿ ನಿಂತ ಮೇಸ್ತ್ರಿ. ಹಿಂದೆ ಗಾಜಿನ ಕಿಟಕಿ, ಕಿಟಕಿಯಾಚೆ ಕಚೇರಿ, ಅಲ್ಲಿನ ಕಂಪ್ಯೂಟರಿನ ಪರದೆ. ಎಲ್ಲವೂ ನಿಶ್ಚಲ, ಹಿಂದಿನ ಪರದೆಯಲ್ಲಿ ಒಂದು ಕಾರ್ಡು ಒಂದು ಸಾಲಿನಿಂದ ಮತ್ತೊಂದಕ್ಕೆ ಸರಿಯುತ್ತದೆ, ಸ್ವಲ್ಪ ತಡೆದು ಮುಂದಿನ ಟ್ಯಾಬ್ಲೆಟ್ಟಿನಲ್ಲಿಯೂ ಅದೇ ಕಾರ್ಡು ಸರಿಯುತ್ತದೆ.

ಯಂತ್ರದ ಮಾಲೀಕರಿಗೆ ಇದು ಹಿಡಿಸಲಿಲ್ಲ. ಬೆಲ್ಟು ಓಡುತ್ತಿರಬೇಕು, ಅಡಿಕೆ ಉದುರುತ್ತಿರಬೇಕು, ಇಲ್ಲದಿದ್ದರೆ ಕಾರ್ಖಾನೆ ಮುಚ್ಚಿದಂತೆ ಕಾಣುತ್ತದೆ ಎಂಬುದು ಅವರ ವಾದ. ಅವರ ಮಾತಿಗೆ ಬೆಲೆ ಕೊಟ್ಟು ಆ ರೀತಿಯದೊಂದನ್ನೂ ಚಿತ್ರೀಕರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಲಾಯಿತು. ತಾಂತ್ರಿಕವಾಗಿಯೇ ಅದರಲ್ಲಿ ಎರಡು ಕಷ್ಟಗಳಿದ್ದವು. ಉದುರುವ ಅಡಿಕೆಯ ಆವರ್ತದ ಕೊನೆಯನ್ನು ಮೊದಲಿನೊಂದಿಗೆ ಬೆರೆಸಿದರೆ ನಡುವೆ ಅರೆಪಾರದರ್ಶಕವಾದ ಕಾಯಿಗಳು ಕಾಣಿಸಿಕೊಳ್ಳುತ್ತವೆ. ನೀರಿಗೂ ಹೊಗೆಗೂ ಒಗ್ಗುವ ಈ ಉಪಾಯ ಆಕಾರವಿರುವ ವಸ್ತುಗಳಿಗೆ ಒಗ್ಗುವುದಿಲ್ಲ. ಇನ್ನೊಂದು ಕಷ್ಟ ಯಂತ್ರದ ಗಾಲಿಯದ್ದು. ಸೆಕೆಂಡಿಗೆ 25 ಫ್ರೇಮುಗಳಂತೆ, ಅಂದರೆ 25 ಬಿಡಿ ಚಿತ್ರಗಳಂತೆ ಹಿಡಿಯುವಾಗ, ನಾಲ್ಕು ಕಡ್ಡಿಗಳ ಗಾಲಿಯೊಂದು ನಿಮಿಷಕ್ಕೆ 375 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸರಿಯಾಗಿ 25 ಕಡ್ಡಿಗಳು ಒಂದೇ ಜಾಗವನ್ನು ದಾಟುತ್ತವೆ. ಪ್ರತಿ ಫ್ರೇಮಿನಲ್ಲಿಯೂ ಕಡ್ಡಿ ಅದೇ ಜಾಗದಲ್ಲಿ ಸಿಕ್ಕಿ ಗಾಲಿ ನಿಂತಂತೆ ಕಾಣುತ್ತದೆ, ವೇಗ ತುಸು ತಗ್ಗಿದರೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಇವನ್ನು ಸರಿಪಡಿಸಲು ಸಾಧ್ಯವಿತ್ತು. ಸರಿಪಡಿಸಲಾಗದ ದೋಷ ಬೇರೆಯದೇ ಆಗಿತ್ತು: ಆ ಚಿತ್ರ ಅಡಿಕೆ ಸುಲಿಯುವ ಯಂತ್ರದ ಒಳ್ಳೆಯ ಜಾಹೀರಾತಾಗಿತ್ತು, ಸಾಫ್ಟ್‌ವೇರಿನದ್ದಾಗಿರಲಿಲ್ಲ. ಎರಡನ್ನೂ ನೋಡಿದ ಮೇಲೆ ಮಾಲೀಕರೇ ಅದನ್ನು ಒಪ್ಪಿಕೊಂಡು, ಬೆಲ್ಟು ಓಡುವ ಚಿತ್ರವನ್ನು ತಮ್ಮ ಯಂತ್ರದ ಪ್ರಚಾರಕ್ಕೆ ಇಟ್ಟುಕೊಂಡರು.

ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಒಂದು ಸಾಮಾನ್ಯ ಫೋಟೊವನ್ನೇ ಚಲಿಸುವಂತೆ ಮಾಡಿಕೊಂಡರೆ ಇಷ್ಟೆಲ್ಲ ಶ್ರಮ ಏಕೆ ಎಂಬ ಸಲಹೆಯೂ ಬಂದಿತ್ತು. ಮಾಡಿ ನೋಡಿದಾಗ ಮೇಸ್ತ್ರಿಯ ಕೈ ಎಂದೂ ಆಡದ ರೀತಿಯಲ್ಲಿ ಆಡಿತು, ಕಾರ್ಡುಗಳ ಮೇಲೆ ಯಾವ ಭಾಷೆಯದೂ ಅಲ್ಲದ ಅಕ್ಷರಗಳು ಮೂಡಿದವು. ಮುಂದೊಂದು ದಿನ ಈ ತಂತ್ರಾಂಶಗಳು ಇದನ್ನು ಅಂದವಾಗಿ ಮಾಡಬಹುದು. ಆಗಲೂ ನನ್ನ ಅಭಿಪ್ರಾಯ ಬದಲಾಗದು. ಒಂದು ಸಾಫ್ಟ್‌ವೇರ್ ಹೀಗೆ ಕೆಲಸ ಮಾಡುತ್ತದೆ ಎಂದು ಚಲನೆಯಿಂದಲೇ ಹೇಳುವ ಚಿತ್ರದಲ್ಲಿ ಆ ಚಲನೆ ನಡೆದದ್ದಾಗಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದರಡಿ 2022ರಲ್ಲಿ ಹೊರಬಂದ ಮಾರ್ಗಸೂಚಿಯೂ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುತ್ತವೆ. ಕಾಯ್ದೆ ಇಲ್ಲದಿದ್ದರೂ ಕೊಳ್ಳುವವರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.

ಚಿತ್ರೀಕರಣ

ಶೆಡ್ಡಿನೊಳಗೆ ಟ್ಯೂಬ್‌ಲೈಟುಗಳೂ ಎಲ್‌ಇಡಿ ದೀಪಗಳೂ ಇದ್ದವು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಇಂಥ ದೀಪಗಳಲ್ಲಿ ಬಹಳಷ್ಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರು ತೆರೆದಿರುವ ಹೊತ್ತು ಸೆಕೆಂಡಿನ 1/50 ಎಂದು ಇಟ್ಟುಕೊಂಡರೆ ಪ್ರತಿ ಫ್ರೇಮಿನಲ್ಲಿಯೂ ಎರಡು ಪೂರ್ತಿ ಮಿನುಗುಗಳು ಅಡಕವಾಗಿ ಬೆಳಕು ಸಮನಾಗಿ ಬರುತ್ತದೆ. ಈ 25ರ ಆಯ್ಕೆಗೆ ಇನ್ನೊಂದು ಅನುಕೂಲವೂ ಇತ್ತು. ಜಿಫ್ ಕಡತದಲ್ಲಿ ಪ್ರತಿ ಫ್ರೇಮು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ, ಪೂರ್ಣ ಸಂಖ್ಯೆಯಲ್ಲಿ ಮಾತ್ರ ಬರೆಯಬಹುದು. 25 ಫ್ರೇಮಿಗೆ ಅದು ಸರಿಯಾಗಿ 4 ಆಗುತ್ತದೆ. ಫೋನುಗಳು ಸಾಮಾನ್ಯವಾಗಿ ಹಿಡಿಯುವ 30 ಫ್ರೇಮಿಗೆ 3.33 ಎಂದು ಬರೆಯಲು ಬರುವುದಿಲ್ಲವಾದ್ದರಿಂದ ವೇಗ ಹೆಚ್ಚುಕಡಿಮೆಯಾಗುತ್ತದೆ.

ಟ್ರೈಪಾಡು ನಿಲ್ಲಿಸಿದ ಕಾಂಕ್ರೀಟು ನೆಲ ಕಂಪ್ರೆಸರು ಓಡುವಾಗ ಅದುರುತ್ತಿತ್ತು, ಅದನ್ನು ನಿಲ್ಲಿಸಬೇಕಾಯಿತು. ಮಾಡಿನ ಪಾರದರ್ಶಕ ಶೀಟಿನಿಂದ ಬೀಳುವ ಬಿಸಿಲು ಮೋಡ ಬಂದಾಗಲೆಲ್ಲ ಬದಲಾಗುತ್ತಿದ್ದುದರಿಂದ ಅದನ್ನು ಟಾರ್ಪಾಲಿನಿಂದ ಮುಚ್ಚಲಾಯಿತು.

ಪರದೆಗಳದ್ದು ಬೇರೆ ಬಗೆ. ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯನ್ನು 25 ಫ್ರೇಮಿನಲ್ಲಿ ಹಿಡಿದರೆ ಕಪ್ಪು ಪಟ್ಟೆಗಳು ತೇಲುತ್ತವೆ. ಆದ್ದರಿಂದ ಎರಡೂ ಪರದೆಗಳ ಮೇಲೆ ನಡೆಯುವುದನ್ನು ಆಯಾ ಯಂತ್ರಗಳಲ್ಲಿಯೇ ದಾಖಲಿಸಿಕೊಂಡು, ಆ ದಾಖಲೆಯನ್ನು ಛಾಯಾಚಿತ್ರದ ಪರದೆಯ ನಾಲ್ಕು ಮೂಲೆಗಳಿಗೆ ಹೊಂದಿಸಿ ಕೂರಿಸಲಾಯಿತು. ಗಾಜಿನ ಮೇಲೆ ಬಿದ್ದಿದ್ದ ಶೆಡ್ಡಿನ ಪ್ರತಿಬಿಂಬವನ್ನು ಅಳಿಸದೆ ಉಳಿಸಿಕೊಂಡದ್ದರಿಂದ ಅದು ಅಂಟಿಸಿದಂತೆ ಕಾಣಲಿಲ್ಲ. ಹೀಗೆ ಪ್ರತ್ಯೇಕವಾಗಿ ಕೂರಿಸುವಾಗ ಒಂದು ಆಮಿಷ ಎದುರಾಗುತ್ತದೆ: ಎರಡೂ ಪರದೆಗಳ ಕಾರ್ಡುಗಳು ಒಟ್ಟೊಟ್ಟಿಗೆ ಸರಿಯುವಂತೆ ಮಾಡಿದರೆ ಚಿತ್ರ ಇನ್ನೂ ಅಂದವಾಗುತ್ತದೆ. ಮೊಬೈಲ್ ಇಂಟರ್ನೆಟ್ಟಿನ ಮೇಲೆ ನಡೆಯುವ ಆ ಶೆಡ್ಡಿನಲ್ಲಿ ಎರಡನೆಯ ಕಾರ್ಡು ಕಣ್ಣಿಗೆ ಕಾಣುವಷ್ಟು ತಡವಾಗಿಯೇ ಸರಿಯುತ್ತಿತ್ತು. ಅಂದು ದಾಖಲಾದ ಆ ಅಂತರವನ್ನು ಹಾಗೆಯೇ ಇಡಬೇಕೆಂದು ಸಂಸ್ಥೆಯವರು ಪಟ್ಟುಹಿಡಿದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಹೊತ್ತಿನಲ್ಲಿ. ಆಮೇಲೆ ನೋಡಿದರೆ ಆ ಅಂತರವೇ ಚಿತ್ರದ ಅರ್ಥವನ್ನು ತಿಳಿಯಾಗಿಸಿತ್ತು. ಒಟ್ಟಿಗೆ ಸರಿದಿದ್ದರೆ ಎರಡು ಪರದೆಗಳಲ್ಲಿ ಒಂದೇ ವೀಡಿಯೊ ಓಡುತ್ತಿದೆ ಎನ್ನಿಸುತ್ತಿತ್ತು; ಒಂದರ ಹಿಂದೆ ಒಂದು ಸರಿದದ್ದರಿಂದ ಇಲ್ಲಿಂದ ಅಲ್ಲಿಗೆ ಏನೋ ತಲುಪಿತು ಎಂಬುದು ತಿಳಿಯುತ್ತಿತ್ತು.

ಆವರ್ತ ಮುಗಿಸುವುದು ಸುಲಭವಾಗಿರಲಿಲ್ಲ. ಮಳೆಗೆ ಆದಿ ಅಂತ್ಯಗಳಿಲ್ಲ, ಕಾರ್ಡಿಗೆ ಇವೆ. ಬಹಳ ಮಂದಿ ಮಾಡುವಂತೆ ಚಲನೆಯನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿದರೆ ಕಾರ್ಡು ‘ಮುಂದಿನ ಮಾದರಿ’ಯಿಂದ ‘ಬಂದ ದೂರಿ’ಗೆ ವಾಪಸು ಹೋಗುತ್ತದೆ, ಅಂದರೆ ತೆಗೆದುಕೊಂಡ ನಿರ್ಧಾರವನ್ನು ಪ್ರತಿ ಆವರ್ತದಲ್ಲಿಯೂ ಕೈಬಿಟ್ಟಂತೆ. ಆದ್ದರಿಂದ ಕಾರ್ಡು ಎರಡೂ ಕಡೆ ಸರಿದ ಮೇಲೆ ಚಿತ್ರ ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತದೆ, ಅನಂತರ ಪರದೆಗಳು ಮಾತ್ರ ಮೆಲ್ಲಗೆ ಮಂಕಾಗಿ ಮೊದಲ ಸ್ಥಿತಿಗೆ ಬರುತ್ತವೆ. ಒಟ್ಟು ನಾಲ್ಕು ಸೆಕೆಂಡು.

ಕಾರ್ಡಿನ ಮೇಲಿನ ಬರಹ ಕನ್ನಡದಲ್ಲಿರಬೇಕೆಂಬುದು ಎಲ್ಲರ ಬಯಕೆಯಾಗಿತ್ತು. ನಿಜವಾದ ದೂರುಗಳಲ್ಲಿ ರೈತರ ಹೆಸರು, ಊರುಗಳಿದ್ದುದರಿಂದ ಅವನ್ನು ತೋರಿಸುವಂತಿರಲಿಲ್ಲ. ‘ಸಣ್ಣ ಅಡಿಕೆ ಒಡೆಯುತ್ತದೆ’ ಎಂಬ ಒಂದೇ ಸಾಲು ಬರೆಯಲಾಯಿತು. ಜಿಫ್ ಕಡತದ ಒಂದು ಫ್ರೇಮಿನಲ್ಲಿ ಸಾಮಾನ್ಯವಾಗಿ 256 ಬಣ್ಣಗಳಿಗಷ್ಟೇ ಅವಕಾಶ. ಇಂಗ್ಲಿಷ್ ಅಕ್ಷರಗಳು ಈ ಬಡತನವನ್ನು ಹೇಗೋ ತಾಳಿಕೊಳ್ಳುತ್ತವೆ. ಕನ್ನಡದ ಒತ್ತಕ್ಷರಗಳು ಚಿಕ್ಕ ಗಾತ್ರದಲ್ಲಿ ಮಸುಕಾಗಿ, ‘ಣ್ಣ’ ಎಂಬುದು ಬರಿಯ ಮಚ್ಚೆಯಾಗಿ ಕಾಣುತ್ತದೆ. ಬರಹವನ್ನು ದಪ್ಪವಾಗಿ, ಕಾರ್ಡಿನ ಅಗಲಕ್ಕೂ ತುಂಬುವಂತೆ ಬರೆದು, ಕಾರ್ಡಿಗೆ ಒಂದೇ ಬಣ್ಣ ಕೊಟ್ಟ ಮೇಲೆ ಅದು ಓದಲು ಬಂತು.

ಚಿತ್ರದಲ್ಲಿರುವ ಮೇಸ್ತ್ರಿಯ ಒಪ್ಪಿಗೆಯನ್ನು ಕನ್ನಡದಲ್ಲಿ ಬರೆದು ಓದಿಸಿ ಪಡೆಯಲಾಯಿತು. ಅವರ ಮುಖವನ್ನು ಚಲಿಸುವಂತೆ ಮಾಡುವುದಿಲ್ಲ ಎಂಬ ಮಾತೂ ಅದರಲ್ಲಿತ್ತು.

ಕಡತದ ತೂಕ

ಮೊದಲ ಚಿತ್ರ ಅಷ್ಟಾಗಿ ತಲುಪದಿರಲು ಅದರ ತೂಕವೂ ಕಾರಣವಾಗಿತ್ತು. ಸಿದ್ದಾಪುರ, ಯಲ್ಲಾಪುರಗಳ ಒಳ ಊರುಗಳಲ್ಲಿ ಮೊಬೈಲ್ ಸಿಗ್ನಲ್ಲು ಗುಡ್ಡ ಹತ್ತಿದರೆ ಉಂಟು, ಇಳಿದರೆ ಇಲ್ಲ. 1280ಕ್ಕೆ 720 ಅಳತೆಯ ಒಂದು ಫ್ರೇಮಿನಲ್ಲಿ 9,21,600 ಚುಕ್ಕೆಗಳಿರುತ್ತವೆ. 256 ಬಣ್ಣಗಳ ಲೆಕ್ಕದಲ್ಲಿ ಚುಕ್ಕೆಗೆ ಒಂದು ಬೈಟಿನಂತೆ, ನಾಲ್ಕು ಸೆಕೆಂಡಿನ 100 ಫ್ರೇಮುಗಳಿಗೆ ಸಂಕೋಚನದ ಮೊದಲು ಸುಮಾರು 92 ಎಂಬಿ. ಸಂಕೋಚನ ಇದನ್ನು ಎಷ್ಟಕ್ಕೆ ಇಳಿಸುತ್ತದೆ ಎಂಬುದು ಚಲನೆ ಎಷ್ಟು ಜಾಗದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಜಿಫ್ ಕಡತದಲ್ಲಿ ಮೊದಲ ಫ್ರೇಮನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯಬಹುದು. ಮಳೆಯ ಚಿತ್ರದಲ್ಲಿ ಅಂಗಳದುದ್ದಕ್ಕೂ ಪ್ರತಿ ಫ್ರೇಮಿನಲ್ಲಿಯೂ ಹನಿಗಳು ಬದಲಾಗುತ್ತಿದ್ದುದರಿಂದ ಈ ಉಳಿತಾಯ ಸಿಗಲಿಲ್ಲ. ಕಾರ್ಖಾನೆಯ ಚಿತ್ರದಲ್ಲಿ ಬದಲಾಗುವುದು ಎರಡು ಪುಟ್ಟ ಚೌಕಗಳು ಮಾತ್ರ. ವಿಷಯಕ್ಕೆ ಸಂಬಂಧವಿಲ್ಲದ ಚಲನೆಯ ಬೆಲೆಯನ್ನು ನೋಡುವವರು ತಮ್ಮ ಡೇಟಾದಲ್ಲಿ ತೆರಬೇಕಾಗುತ್ತದೆ.

ಸಂಸ್ಥೆಯ ಜಾಲತಾಣದಲ್ಲಿ ಜಿಫ್ ಬದಲು ಶಬ್ದವಿಲ್ಲದ ಎಂಪಿ4 ಎಂಬ ವೀಡಿಯೊ ಕಡತವನ್ನು ಇಡಲಾಯಿತು. ಅದೇ ಚಿತ್ರ ಅದರಲ್ಲಿ ಎಷ್ಟೋ ಪಾಲು ಹಗುರ, ಬಣ್ಣಗಳ ಮಿತಿಯೂ ಇಲ್ಲ. ಐಫೋನಿನ ಮೂಲ ತಂತ್ರಾಂಶವಾದ ಐಒಎಸ್‌ನ 2016ರಲ್ಲಿ ಬಂದ 10ನೆಯ ಆವೃತ್ತಿಯಿಂದ ಈಚೆಗೆ ಐಫೋನುಗಳೂ ಶಬ್ದವಿಲ್ಲದ ವೀಡಿಯೊ ಪುಟದೊಳಗೇ ತಾನಾಗಿ ಓಡಲು ಬಿಡುತ್ತವೆ. ವೀಡಿಯೊ ಬರುವವರೆಗೆ ಕಾಣಲೆಂದು ಒಂದು ಸ್ಥಿರಚಿತ್ರವನ್ನೂ ಇಡಲಾಯಿತು. ಎಷ್ಟೋ ಫೋನುಗಳಲ್ಲಿ ಅದಷ್ಟೇ ಕಾಣುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು, ಅದೊಂದೇ ನೋಡಿದರೂ ವಿಷಯ ತಿಳಿಯುವಂಥ ಫ್ರೇಮನ್ನು ಆರಿಸಲಾಯಿತು. ಇಮೇಲಿಗೆ ಜಿಫ್ ಅನಿವಾರ್ಯ. ಅಲ್ಲಿ ಇಮೇಲ್ ಓದುವ ತಂತ್ರಾಂಶವಾದ ಔಟ್‌ಲುಕ್‌ನ ಹಳೆಯ ಆವೃತ್ತಿ ಮೊದಲ ಫ್ರೇಮನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಇಮೇಲಿನ ಜಿಫ್ ಕಡತ ಕಾರ್ಡು ಎರಡೂ ಕಡೆ ಸರಿದು ನಿಂತ ಫ್ರೇಮಿನಿಂದಲೇ ಶುರುವಾಗುತ್ತದೆ.

ನಿಲ್ಲದೆ ಆಡುವ ಚಿತ್ರ ಕೆಲವರಿಗೆ ತಲೆಸುತ್ತು ತರುತ್ತದೆ, ಮತ್ತೆ ಕೆಲವರಿಗೆ ಪಕ್ಕದ ಬರಹ ಓದಲು ಬಿಡುವುದಿಲ್ಲ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಬರಹದ ಜೊತೆಯಲ್ಲಿ ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದನ್ನೂ ನಿಲ್ಲಿಸುವ ವ್ಯವಸ್ಥೆ ಓದುಗರಿಗೆ ಇರಬೇಕು. ನಾಲ್ಕು ಸೆಕೆಂಡಿನ ಈ ಚಿತ್ರ ಜಾಲತಾಣದಲ್ಲಿ ಒಂದು ಸಲ ಆಡಿ ನಿಂತುಬಿಡುತ್ತದೆ. ಬೇಕಾದವರು ಮುಟ್ಟಿದರೆ ಮತ್ತೆ ಆಡುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಚಲನೆ ಬೇಡವೆಂದು ಹೇಳಿಟ್ಟವರಿಗೆ ಸ್ಥಿರಚಿತ್ರವೇ ಕಾಣುತ್ತದೆ. ಪ್ರಚಾರದವರಿಗೆ ಇದು ನಷ್ಟವೆಂದು ಕಾಣಬಹುದು. ಒಂದು ಸಲ ಆಡಿದ್ದನ್ನು ಇನ್ನೊಮ್ಮೆ ನೋಡಬೇಕೆಂದು ತಾನೇ ಮುಟ್ಟಿದವರು ನಿಜವಾದ ಆಸಕ್ತರು ಎಂಬುದು ಸಂಸ್ಥೆಗೆ ದೊರೆತ ತಿಳಿವಳಿಕೆ. ಎಷ್ಟು ಮಂದಿ ಪುಟಕ್ಕೆ ಬಂದರು ಎಂಬುದಕ್ಕಿಂತ ಇದೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಕೇಳಿಬಂದ ಪ್ರಶ್ನೆಗಳು

ಇಷ್ಟು ಸಣ್ಣ ಸಂಸ್ಥೆಯ ಪ್ರಚಾರದಲ್ಲಿ ಶೇಕಡಾವಾರು ಲೆಕ್ಕ ಹಾಕಿದರೆ ಅಂಕಿಗಳು ದೊಡ್ಡದಾಗಿ ಕಂಡರೂ ಅವುಗಳಿಗೆ ಆಧಾರ ಸಾಲದು. ಆದ್ದರಿಂದ ಬೇರೆ ಅಳತೆಗೋಲನ್ನು ಇಟ್ಟುಕೊಳ್ಳಲಾಯಿತು: ಚಿತ್ರ ನೋಡಿ ಫೋನು ಮಾಡಿದವರು, ವಾಟ್ಸ್‌ಆ್ಯಪಿನಲ್ಲಿ ಉತ್ತರಿಸಿದವರು ಕೇಳುವ ಮೊದಲ ಪ್ರಶ್ನೆ ಯಾವುದು? ಅದನ್ನು ಹಾಗೆಯೇ ಬರೆದಿಟ್ಟುಕೊಳ್ಳುವುದು. ಮಳೆಯ ಚಿತ್ರಕ್ಕೆ ಬಂದ ಪ್ರಶ್ನೆಗಳು ಮನೆಯ ಬಗ್ಗೆ. ಕಾರ್ಖಾನೆಯ ಚಿತ್ರಕ್ಕೆ ಬಂದವು ಬೇರೆಯೇ ಜಾತಿಯವು. ಫೋನಿನಲ್ಲಿ ಬಂದ ದೂರು ಅದರೊಳಗೆ ಹೇಗೆ ಹೋಗುತ್ತದೆ, ಯಾರಾದರೂ ಟೈಪು ಮಾಡಲೇಬೇಕೇ? ಕನ್ನಡದಲ್ಲಿ ಬರೆದರೆ ಹುಡುಕಿದಾಗ ಸಿಗುತ್ತದೆಯೇ? ಕೆಲಸದವರು ತಪ್ಪಿ ಕಾರ್ಡು ಸರಿಸಿಬಿಟ್ಟರೆ ಗೊತ್ತಾಗುತ್ತದೆಯೇ? ಕಾರವಾರದ ಕಡೆಯಿಂದ ಮಾತಾಡಿದ, ದೋಣಿಯ ಬಿಡಿಭಾಗ ತಯಾರಿಸುವವರೊಬ್ಬರು ಕೇಳಿದ್ದು ಎಲ್ಲಕ್ಕಿಂತ ನಾಟುವಂಥದ್ದು: ನೆಟ್ಟು ಹೋದಾಗ ಆ ಟ್ಯಾಬ್ಲೆಟ್ಟಿನಲ್ಲಿ ಏನು ಕಾಣುತ್ತದೆ? ಕೊನೆಯ ಸಲ ತಲುಪಿದ ಸ್ಥಿತಿ ಕಾಣುತ್ತದೆ, ಹೊಸದಾಗಿ ಸರಿಸಲು ನೆಟ್ಟು ಬರಬೇಕು ಎಂಬುದೇ ಉತ್ತರ. ಚಿತ್ರ ಅದಕ್ಕಿಂತ ಹೆಚ್ಚಿನದನ್ನು ಎಲ್ಲಿಯೂ ಹೇಳಿರಲಿಲ್ಲವಾದ್ದರಿಂದ ಉತ್ತರ ಕೊಡಲು ಮುಜುಗರವಾಗಲಿಲ್ಲ.

ಸಾಫ್ಟ್‌ವೇರಿನ ಬಗ್ಗೆ ಪ್ರಶ್ನೆ ಕೇಳಿದವರೊಂದಿಗೆ ಮುಂದಿನ ಮಾತು ನಡೆಸಬಹುದು. ಮಾರಾಟಕ್ಕೆ ಹೊರಟವರಿಗೆ ಆ ವ್ಯತ್ಯಾಸ ದೊಡ್ಡದು.

ಎರಡನೆಯ ಚಿತ್ರ ಎಲ್ಲರನ್ನೂ ತಲುಪಿತೆಂದಲ್ಲ. ಅಡಿಕೆ ಸೀಮೆಯ ಹೊರಗಿನವರಲ್ಲಿ ಹಲವರು ಇದು ಅಡಿಕೆ ಯಂತ್ರದವರಿಗಾಗಿಯೇ ಇರುವ ಸಾಫ್ಟ್‌ವೇರ್ ಎಂದು ತಿಳಿದರು. ಹುಬ್ಬಳ್ಳಿಯ ಸಾಫ್ಟ್‌ವೇರ್ ತಂಡಗಳಿಗೆ ರೋಲರು, ಪಾನಾಗಳ ನಡುವೆ ತಮ್ಮ ಕೆಲಸ ಕಾಣಲಿಲ್ಲ. ಯಾವ ಊರಿನದೂ ಅಲ್ಲದ ಒಂದು ಬಿಳಿ ಮೇಜಿನ ಮೇಲೆ ಪರದೆ ಇಟ್ಟು ತೋರಿಸಿದ್ದರೆ ಈ ತಪ್ಪು ತಿಳಿವಳಿಕೆ ಉಂಟಾಗುತ್ತಿರಲಿಲ್ಲ ಎಂಬ ಆಕ್ಷೇಪ ಸಂಸ್ಥೆಯೊಳಗೇ ಬಂತು. ನಾನು ಅದನ್ನು ಒಪ್ಪುವುದಿಲ್ಲ. ಎಲ್ಲರಿಗೂ ಸಲ್ಲುವಂತೆ ಮಾಡಿದ ಚಿತ್ರದಲ್ಲಿ ಸರಿಯುವ ಕಾರ್ಡು ಬರಿಯ ಬಣ್ಣದ ತುಂಡಾಗುತ್ತದೆ; ‘ಸಣ್ಣ ಅಡಿಕೆ ಒಡೆಯುತ್ತದೆ’ ಎಂದು ಓದಿದಾಗ ಮಾತ್ರ ಅದು ಸರಿದದ್ದು ಯಾರಿಗೋ ಉಪಕಾರವಾಯಿತು ಎಂದು ನೋಡುವವರಿಗೆ ಅನ್ನಿಸುತ್ತದೆ. ಬೇರೆ ಉದ್ಯಮಕ್ಕೆ ಬೇರೆ ಚಿತ್ರ ಮಾಡುವುದೇ ಸರಿಯಾದ ದಾರಿ. ಅದರಂತೆ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸುವ ಘಟಕವೊಂದರಲ್ಲಿ ಇದೇ ರಚನೆಯ ಮೂರನೆಯ ಚಿತ್ರ ಸಿದ್ಧವಾಗುತ್ತಿದೆ. ಅಲ್ಲಿ ಕಾರ್ಡಿನ ಮೇಲಿರುವುದು ‘ಮಿಡಿ ಬೇಗ ಮೆತ್ತಗಾಗುತ್ತದೆ’ ಎಂಬ ದೂರು. ಅದು ಸರಿದು ತಲುಪುವುದು ಉಪ್ಪು ನೀರಿನ ಪ್ರಮಾಣ ನೋಡಿಕೊಳ್ಳುವವರ ಫೋನಿಗೆ.

ಕ್ಲೌಡ್ ಸಾಫ್ಟ್‌ವೇರಿಗೆ ಹೀಗೆ ಚಿತ್ರ ಮಾಡುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಇಂಥ ಸಾಫ್ಟ್‌ವೇರಿನ ಪರದೆ ಆಗಾಗ ಬದಲಾಗುತ್ತಿರುತ್ತದೆ. ಬಳಸುವವರು ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲದ ಕಾರಣ ಒಂದು ಬೆಳಿಗ್ಗೆ ತೆರೆದಾಗ ಗುಂಡಿಗಳ ಜಾಗವೇ ಬೇರೆಯಾಗಿರುತ್ತದೆ. ಚಿತ್ರದಲ್ಲಿ ಹಳೆಯ ಪರದೆ ಉಳಿದರೆ ಹೊಸದಾಗಿ ಸೇರಿದವರು ಅಲ್ಲಿ ಕಂಡದ್ದನ್ನು ಇಲ್ಲಿ ಹುಡುಕುತ್ತಾರೆ. ಪರದೆಯ ದಾಖಲೆಯನ್ನು ಛಾಯಾಚಿತ್ರದಿಂದ ಬೇರೆಯಾಗಿಯೇ ಇಟ್ಟುಕೊಂಡಿದ್ದರಿಂದ ಸಂಸ್ಥೆಯವರು ಈಗ ಪ್ರತಿ ದೊಡ್ಡ ಬದಲಾವಣೆಯ ನಂತರ ಶೆಡ್ಡಿನ ಛಾಯಾಚಿತ್ರವನ್ನು ಹಾಗೆಯೇ ಬಿಟ್ಟು, ಆ ಎರಡು ಚೌಕಗಳನ್ನು ಮಾತ್ರ ಹೊಸದಾಗಿ ದಾಖಲಿಸಿ ಕೂರಿಸುತ್ತಾರೆ. ದಾಖಲಿಸುವುದು ಈಗಲೂ ಅದೇ ಶೆಡ್ಡಿನಲ್ಲಿ, ಅದೇ ಮೊಬೈಲ್ ಇಂಟರ್ನೆಟ್ಟಿನ ಮೇಲೆ.